ಮಜ್ಜಿಗೆಯ ತಳದ ನಾಲ್ಕು ರೂಪಾಯಿ

ಆಯಿ ಮಜ್ಜಿಗೆ ಹಾಕಿಕೊಡುವುದನ್ನು ನೋಡಬೇಕಿತ್ತು. ಬಂದವರು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರೆ ನಿಂತಲ್ಲಿಂದಲೇ ಸೌಟು ಎತ್ತಿ ಸುರಿಯುವರು, ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಅಮಾವಾಸ್ಯೆಯ ಮರುದಿನ ಭೀಮವ್ವ ತನ್ನ ಮಣ್ಣಿನ ಗಡಿಗೆ ತಂದಾಗ ಮಾತ್ರ ಹಾಗಲ್ಲ. ಎರಡೂ ಮೊಣಕಾಲೂರಿ ಕೂತು, ಸೆರಗು ಗಡಿಗೆಯ ಬಾಯಿಯ ಮೇಲೆ ಇಳಿಬೀಳುವಂತೆ ಬಗ್ಗುವರು. ಒಳಗಿಂದ ಟಕ್, ಟಕ್ ಎಂದು ನಾಲ್ಕು ಸಣ್ಣ ಸದ್ದು. ಆಮೇಲೆ ಮಜ್ಜಿಗೆ.

ಹೊಸದಾಗಿ ಮದುವೆಯಾಗಿ ಬಂದಿದ್ದ ನಾನು, ಅವರು ವಯಸ್ಸಾದವರಲ್ಲವೇ, ಸೌಟು ಗಡಿಗೆಗೆ ತಾಗುತ್ತದೆ ಎಂದುಕೊಂಡಿದ್ದೆ.

ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಯಾರಾದರೂ ಎದುರಿಗೆ ಹೊಗಳಿದರೆ ಎದ್ದು ಎಮ್ಮೆಯ ಕಡೆ ಹೋಗಿಬಿಡುತ್ತಿದ್ದವರು ಅವರು. ಕಾಗದದ ಮೇಲೆ ತಮ್ಮ ಹೆಸರು ಬಂದರೆ ಇನ್ನೆಲ್ಲಿಗೆ ಹೋಗುತ್ತಿದ್ದರೋ. ಶಹಾಬಾದಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನನ್ನ ಗಂಡ ಸ್ಟೇಶನ್ನಿನ ಮಾಲುಧಕ್ಕೆಯಲ್ಲಿ ಗುಮಾಸ್ತ. ಊರಿನ, ನೆಲಕ್ಕೆ ಹಾಸುವ ಫರಸಿ ಕಲ್ಲು ಅಲ್ಲಿಂದಲೇ ರೈಲು ಹತ್ತುತ್ತಿತ್ತು. ಬೆಳಗ್ಗೆ ಒಗೆದು ಹಾಕಿದ ಸೀರೆಯನ್ನು ಸಂಜೆ ಕೊಡವಿದರೆ ಕಲ್ಲಿನ ಧೂಳು ಉದುರುವ ಊರು ಅದು.

ಆಯಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಒಂದು ಎಮ್ಮೆ, ಮುಂದಿನ ಕೊಟ್ಟಿಗೆಯನ್ನು ಕಲ್ಲಿನ ವ್ಯಾಪಾರಿಗೆ ಬಿಟ್ಟು ಬರುವ ಬಾಡಿಗೆ, ಇಷ್ಟೇ ಬದುಕು. ಹಾಲು ಮಾರುವರು, ಮಜ್ಜಿಗೆ ಮಾರುತ್ತಿರಲಿಲ್ಲ. ಹಣೆಯಲ್ಲಿ ಮೂರು ಬೆರಳಗಲದ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಸುಳ್ಳು ಹೇಳಬೇಕಾದಾಗ ಅವರ ಎಡಗೈ ತಾನಾಗಿ ಆ ಕರಡಿಗೆಯನ್ನು ಮುಚ್ಚುತ್ತಿತ್ತು. ಲಿಂಗಕ್ಕೆ ಕೇಳಿಸಬಾರದೆಂದೋ ಏನೋ. ಸೊಂಟದಲ್ಲಿ ನಶ್ಯದ ಡಬ್ಬಿ. ಅದು ಇಲ್ಲವೆಂದು ಹೇಳುವಾಗಲೂ ಕೈ ಕರಡಿಗೆಗೇ ಹೋಗುವುದು.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ವಾರ ನನ್ನ ರೊಟ್ಟಿ ನೋಡಲು ಗೋಡೆಯಾಚೆಯಿಂದ ಎದ್ದು ಬಂದರು.

“ಯವ್ವಾ, ಇದೇನು ರೊಟ್ಟಿನೋ ಹೈದರಾಬಾದ್ ಸಂಸ್ಥಾನದ ನಕಾಶೆನೋ? ನಿಮ್ಮ ಸಿಸ್ಟರಗೋಳು ಏನು ಕಲಿಸ್ಯಾರ ನಿನಗ?”

“ಲೇಸು ಹೆಣೆಯೋದು ಕಲಿಸಿದ್ದಾರೆ ಆಯಿ.”

“ಲೇಸು ತಿಂತಾನೇನು ನಿನ್ನ ಗಂಡ?”

ಅಂದಿನಿಂದ ನಾನು ಅವರ ಬಾಯಲ್ಲಿ “ಕಾನ್ವೆಂಟ್” ಆದೆ. “ಏ ಕಾನ್ವೆಂಟ್, ಹಿಟ್ಟಿಗಿ ಬಿಸಿನೀರು ಹಾಕು.” “ಕಾನ್ವೆಂಟ್, ಎಮ್ಮಿ ಮುಂದ ಇಂಗ್ಲಿಷ್ ಮಾತಾಡಬ್ಯಾಡ, ಹಾಲು ಏರಿಸ್ತದ.” ಎರಡು ತಿಂಗಳಲ್ಲಿ ನನ್ನ ರೊಟ್ಟಿ ದುಂಡಗಾಯಿತು.

ಒಂದು ಅಮಾವಾಸ್ಯೆಯ ಮರುದಿನ ನಾನು ಅವರ ಕಟ್ಟೆಯ ಮೇಲೆ ಕೂತಿದ್ದೆ. ಭೀಮವ್ವ ಬಂದು ಅಂಗಳದ ಆ ತುದಿಯಲ್ಲೇ ನಿಂತಳು. ಅವಳದು ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮನೆತನ. ಗಂಡ ದೋಣಿ ನಡೆಸುತ್ತಿದ್ದ, ಕಾಲರಾಕ್ಕೆ ಹೋದ. ಈಗ ಅವಳು ಫರಸಿಯ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು.

“ಯಾಕ, ಕಾಲು ಸೋತಾವೇನು? ಮುಂದ ಬಾ.”

“ಇವತ್ತು ಮೀನ ಕೊಯ್ದೀನ್ರಿ ಆಯಿ. ಕೈ ವಾಸ್ನಿ ಬರ್ಲಿಕತ್ತದ.”

“ನಶ್ಯಾ ಸೇದಿ ಸೇದಿ ನನ್ನ ಮೂಗು ಸತ್ತು ಇಪ್ಪತ್ತು ವರ್ಷ ಆತು. ಬಾ ಮುಂದ.”

ಭೀಮವ್ವ ಗಡಿಗೆಯಿಟ್ಟಳು. ಆಯಿ ಬಗ್ಗಿದರು. ಅಂದು ಒಂದು ನಾಣ್ಯ ಗುರಿ ತಪ್ಪಿ, ಉರುಳಿಕೊಂಡು ಬಂದು ನನ್ನ ಪಾದದ ಹತ್ತಿರ ಬಿತ್ತು. ಚಾರ್‌ಮಿನಾರಿನ ಚಿತ್ರವಿರುವ ರೂಪಾಯಿ. ಭೀಮವ್ವ ಎಮ್ಮೆಯ ಕಡೆ ಮುಖ ತಿರುಗಿಸಿದಳು. ಆಯಿ ಅದನ್ನು ಎತ್ತಿ ಗಡಿಗೆಗೆ ಹಾಕಿ, ಮಜ್ಜಿಗೆ ಸುರಿದು, ಅವಳನ್ನು ಕಳಿಸಿ, ನನ್ನ ಕಡೆ ತಿರುಗಿದರು.

“ನೋಡಿದ್ದು ನೋಡಿದಿ. ಬಾಯಿ ಮುಚ್ಚು.”

ಬಾಯಿ ಮುಚ್ಚಿಕೊಂಡೆ, ಆದರೆ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಒಂದೊಂದಾಗಿ ಕೇಳಿ ತಿಳಿದುಕೊಂಡೆ.

ಭೀಮವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗಂಗಿ, ಆಗ ಒಂಬತ್ತೋ ಹತ್ತೋ. ಚಿಕ್ಕವಳು ರತ್ನಿ, ಮೂರು ವರ್ಷದ ಕೂಸು. ಗಂಗಿ ಹಿಂದೆ ಖಣಿಯಲ್ಲಿ ಕಲ್ಲು ಒಡೆಯುವವರಿಗೆ ನೀರು ಹೊತ್ತು ಕೊಡುತ್ತಿದ್ದಳು, ಕಂಕುಳಲ್ಲಿ ತಂಗಿ. ಒಮ್ಮೆ ತಾಯಿಯ ಜೊತೆ ಮಜ್ಜಿಗೆಗೆ ಬಂದವಳು, ಆಯಿಯ ಅಂಗಳದ ಫರಸಿಯ ಮೇಲೆ ಕಲ್ಲಿನ ಚೂರಿನಿಂದ ಏನೋ ಗೀಚುತ್ತ ಕೂತಿದ್ದಳಂತೆ. ಕೊಕ್ಕೆಯಂಥ ಒಂದು ಅಕ್ಷರ, ಅದರ ತಲೆಯ ಮೇಲೆ ಎರಡು ಗೆರೆ. ಹೆಣ್ಣುಮಕ್ಕಳ ಸರಕಾರಿ ಉರ್ದು ಶಾಲೆಯ ಕಿಟಕಿಯ ಹೊರಗೆ ನಿಂತು ಕಲಿತದ್ದು. ಅದು ಉರ್ದುವಿನ ಗಾಫ್, ಅವಳ ಹೆಸರಿನ ಮೊದಲಕ್ಷರ. ಆಯಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

“ಅಕಿ ಹೋದ ಮ್ಯಾಲ ಅಂಗಳ ಕಸಾ ಹೊಡೀಲಿಕ್ಕಿ ಹೋದೆ. ಆ ಗೆರಿ ಮ್ಯಾಲ ಕಸಬರಿಗಿ ಆಡಿಸಾಕ ಮನಸಾಗಲಿಲ್ಲ ನೋಡು” ಎಂದರು ಆಯಿ.

ಮುಂದಿನ ತಿಂಗಳಿಂದ ಗಡಿಗೆಯಲ್ಲಿ ನಾಲ್ಕು ರೂಪಾಯಿ. ಯಾಕೆಂದು ಆಯಿ ಹೇಳಲಿಲ್ಲ. ಭೀಮವ್ವ ಕೇಳಲಿಲ್ಲ. ನಾಲ್ಕನೆಯ ದಿನ ಗಂಗಿ ಶಾಲೆಯ ಕಿಟಕಿಯ ಒಳಗೆ ಕೂತಿದ್ದಳು.

“ಒಂದು ಮಾತು ಆಡಿದ್ರ ಅದು ದಾನ ಆಗಿಬಿಡ್ತದ” ಎನ್ನುತ್ತಿದ್ದರು ಆಯಿ. “ಆಮ್ಯಾಲ ಅಕಿ ನನ್ನ ಮುಂದ ತಲಿ ಎತ್ತೂದಿಲ್ಲ. ನನಗ ಅಕಿ ಮಾರಿ ನೋಡಿ ಮಾತಾಡಬೇಕು.”

ತಿಂಗಳು ತಿಂಗಳು ಈ ಕಷ್ಟ ಯಾಕೆ, ವರ್ಷದ್ದು ಒಮ್ಮೆಗೇ ಕೊಟ್ಟುಬಿಡಬಾರದೇ ಎಂದು ನಾನು ಜಾಣತನ ತೋರಿಸಿದೆ.

“ವರ್ಷದ್ದು ಒಮ್ಮೆಲೆ ಕೊಟ್ರ ಅದು ಯಾರದರೆ ಲಗ್ನಕ್ಕ ಹೋಗ್ತದ, ಇಲ್ಲಾ ಯಾರದರೆ ಮಣ್ಣಿಗಿ ಹೋಗ್ತದ. ತಿಂಗಳಾ ತಿಂಗಳಾ ಬಂತಂದ್ರ ಅದು ಮನ್ಯಾಗ ಇನ್ನೊಬ್ಬ ದುಡಿಯಾಕಿ ಇದ್ದಂಗ. ನಾಳಿಗಿನ ಫಿಕರ್ ಇಲ್ಲದಂಗ ಮಲಗಲಿ ಅಕಿ.”

ಆ ಮಳೆಗಾಲದಲ್ಲಿ, ಒಂದು ಅಮಾವಾಸ್ಯೆಯ ಹೊತ್ತಿಗೆ, ಆಯಿಗೆ ಜೋರು ಜ್ವರ. ಎದ್ದರೆ ಬೀಳುವ ಸ್ಥಿತಿ. ನಾನು ಹಾಕುತ್ತೇನೆಂದರೂ ಕೇಳದೆ ನನ್ನ ಭುಜ ಹಿಡಿದು ಬಾಗಿಲವರೆಗೆ ಬಂದು ಮೊಣಕಾಲೂರಿದರು. ಸೆರಗಿನ ಕೆಳಗೆ ನಾಣ್ಯಗಳು ಒಂದಕ್ಕೊಂದು ಬಡಿಯುತ್ತಿದ್ದವು. ಮಳೆಯ ಬಗ್ಗೆ, ಎಮ್ಮೆಯ ಬಗ್ಗೆ ಭೀಮವ್ವ ಗಟ್ಟಿ ದನಿಯಲ್ಲಿ ಮಾತಾಡುತ್ತಲೇ ಇದ್ದಳು. ಆ ಸದ್ದು ಯಾರ ಕಿವಿಗೂ ಬೀಳದಂತೆ ನೋಡಿಕೊಳ್ಳುವುದು ಅವಳ ಜವಾಬ್ದಾರಿ. ಇಬ್ಬರೂ ಸೇರಿ ನಡೆಸಿದ ಕೆಲಸ ಅದು. ಆಗ ನನಗೆ ತಿಳಿಯಲಿಲ್ಲ.

ಮರುವರ್ಷ ಬೇಸಿಗೆಗೆ ಕುರಕುಂಟಾದಿಂದ ಸುದ್ದಿ ಬಂತು, ಆಯಿಯ ಅಣ್ಣ ಹಾಸಿಗೆ ಹಿಡಿದಿದ್ದಾರೆಂದು. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ ದಾಟಿ ಹೋಗಬೇಕು. ಎಷ್ಟು ದಿನವಾಗುತ್ತದೋ ಗೊತ್ತಿಲ್ಲ. ಹೊರಡುವ ಮುಂಜಾನೆ ಎಮ್ಮೆಯ ಹಗ್ಗವನ್ನೂ ಒಂದು ಬಟ್ಟೆಯ ಗಂಟನ್ನೂ ನನ್ನ ಕೈಗಿಟ್ಟರು.

“ನಾಕು ತಿಂಗಳದ್ದು ಅದ. ಅಮಾಸಿ ಮರುದಿನ ಅಂದ್ರ ಅಮಾಸಿ ಮರುದಿನ. ಗಡಿಗ್ಯಾಗ ಹಾಕು, ಮ್ಯಾಲ ಮಜ್ಜಿಗಿ ಹಾಕು. ಮತ್ತೇನೂ ಮಾಡಬ್ಯಾಡ.”

ಮತ್ತೇನೂ ಮಾಡಬೇಡವೆಂದು ಸ್ಪಷ್ಟವಾಗಿಯೇ ಹೇಳಿದ್ದರು.

ಮೊದಲ ತಿಂಗಳು ಹೇಳಿದಂತೆ ಮಾಡಿದೆ. ಆದರೆ ನಮ್ಮ ಕಾನ್ವೆಂಟಿನಲ್ಲಿ ಕೊಡುವುದಕ್ಕೊಂದು ಕ್ರಮವಿತ್ತು. ಬಡವರಿಗೆ ಕೊಟ್ಟ ಫ್ರಾಕನ್ನು ಅವರು ತೊಟ್ಟು ಬಂದು ತೋರಿಸಬೇಕು. ಸಿಸ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ ತಲೆಯಾಡಿಸುವರು. ನನಗೂ ನೋಡಬೇಕೆನಿಸಿತು. ಒಂದು ಮಧ್ಯಾಹ್ನ ಬೆರಣಿ ಕೇಳುವ ನೆಪದಲ್ಲಿ ಖಣಿಯ ಅಂಚಿನ ಗುಡಿಸಲುಗಳ ಕಡೆ ಹೋದೆ.

ಗಂಗಿ ಶಾಲೆಯಿಂದ ಬಂದು ಕೂತಿದ್ದಳು. ಲಂಗ ಎರಡು ಕಡೆ ಹರಿದಿತ್ತು. ಬರೆಯುವ ಪಾಟಿ ಅರ್ಧ ಒಡೆದು, ಉಳಿದರ್ಧಕ್ಕೆ ದಾರ ಸುತ್ತಿತ್ತು. ಪುಸ್ತಕವೇ ಇರಲಿಲ್ಲ. ಆ ಹೊತ್ತಿಗೇ ಭೀಮವ್ವ ಪಕ್ಕದ ಗುಡಿಸಲಿನ ಮುದುಕಿಯ ಕೈಗೆ ಒಂದು ರೂಪಾಯಿ ಇಟ್ಟದ್ದು ಕಂಡೆ. ಮುದುಕಿ ಅದನ್ನು ಎಲೆಅಡಿಕೆಯ ಚಂಚಿಯಲ್ಲಿ ತುರುಕಿ, ಪಿಚಕ್ಕೆಂದು ಕೆಂಪಗೆ ಉಗುಳಿದಳು. ಆ ಕೆಂಪು ನನ್ನ ಕಣ್ಣಿಗೆ ಅಂಟಿಕೊಂಡಿತು. ಆಯಿ ಸೆರಗಿನ ಮರೆಯಲ್ಲಿ ಕೊಡುವ ರೊಕ್ಕ ಯಾರದೋ ಎಲೆಅಡಿಕೆಗೆ ಹೋಗುತ್ತಿದೆ, ಹುಡುಗಿಗೆ ಪಾಟಿಯಿಲ್ಲ!

ಮುಂದಿನ ಅಮಾವಾಸ್ಯೆಯ ನಾಲ್ಕು ರೂಪಾಯಿಗೆ ನನ್ನದೂ ಎರಡು ಸೇರಿಸಿದೆ. ಹೊಸ ಪಾಟಿ, ಎರಡನೆಯ ಇಯತ್ತೆಯ ಪುಸ್ತಕಗಳು, ಹಸಿರು ಲಂಗದ ಬಟ್ಟೆ. ನಾಲ್ಕು ದಿನ ಕೂತು ಹೊಲಿದೆ. ಅಂಚಿಗೆ ಬಿಳಿ ಲೇಸು ಹೆಣೆದು ಹಚ್ಚಿದೆ. ಕಾನ್ವೆಂಟಿನಲ್ಲಿ ನನಗೆ ಬಹುಮಾನ ಬಂದಿದ್ದ ಹೆಣಿಗೆ. ಇಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಭೀಮವ್ವ ಬಂದಳು. ಗಡಿಗೆಗೆ ಬರೀ ಮಜ್ಜಿಗೆ ಹಾಕಿದೆ. ಅವಳು ಎಂದಿನಂತೆ ಗಟ್ಟಿಯಾಗಿ ಬಿಸಿಲಿನ ಮಾತು ಎತ್ತಿದ್ದವಳು, ನಡುವೆ ನಿಲ್ಲಿಸಿದಳು. ಸದ್ದು ಕೇಳಿಸಿರಲಿಲ್ಲ. ಕೂತು, ಗಡಿಗೆಯೊಳಗೆ ಕೈ ಹಾಕಿದಳು. ಮೊಣಕೈವರೆಗೆ. ಕೈ ಬೆಳ್ಳಗೆ ಹೊರಗೆ ಬಂತು. ಬೆರಳುಗಳಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು.

ನಾನು ಗಂಟು ಬಿಚ್ಚಿ ಲಂಗ ತೋರಿಸಿದೆ, ಹಿಂದೆ ಮುಂದೆ ತಿರುಗಿಸಿ.

“ಭಾಳ ಚೊಲೋ ಅದರಿ ಅಕ್ಕಾರ” ಎಂದಳು. ಮತ್ತೆ, “ಆಯಿದು ಏನಾರೆ ಸುದ್ದಿ ಬಂದದೇನ್ರಿ?”

“ಏನೂ ಬಂದಿಲ್ಲ” ಎಂದೆ. ನಿಜವನ್ನೇ ಹೇಳಿದ್ದೆ. ಕುರಕುಂಟಾದಿಂದ ಕಾಗದ ಬರೆಯುವವರು ಯಾರಿದ್ದರು?

ಅವಳು ಇನ್ನೇನೋ ಕೇಳಲಿದ್ದಳು. ಬಾಯಿ ತೆರೆದದ್ದೂ ನೆನಪಿದೆ. ಆದರೆ ಒಂದೂವರೆ ವರ್ಷ ಯಾರೂ ಆಡದೆ ಕಾಪಾಡಿದ್ದ ಮಾತು ಅದು. ಆಡುವುದು ಹೇಗೆ?

ಅದರ ಮುಂದಿನ ತಿಂಗಳೂ ನಾನು ಹಾಗೇ ಮಾಡಿದೆ. ತಲೆಗೆ ಎಣ್ಣೆ, ರಿಬ್ಬನ್ನು, ಬಳಪದ ಡಬ್ಬಿ. ನಾಲ್ಕನೆಯ ತಿಂಗಳು ಭೀಮವ್ವ ಮಜ್ಜಿಗೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಶಾಲೆಯ ಕಡೆ ಹೋದೆ. ಪಾಠ ಹೇಳುವ ಉಸ್ತಾನಿಬಾಯಿ ಬಾಗಿಲ ಪರದೆ ಸರಿಸಿ, “ವೋ ಬಚ್ಚಿ ತೋ ಆತಿಚ್ ನೈ, ಬೀಬಿ. ದೋ ಮಹಿನೆ ಹೋ ಗಯೆ” ಎಂದರು. ಎರಡು ತಿಂಗಳಿಂದ ಬಂದೇ ಇಲ್ಲ. ನಾನು ಲಂಗ ಕೊಟ್ಟ ವಾರದಿಂದ.

ಖಣಿಯ ದಾರಿಯಲ್ಲೇ ಗಂಗಿ ಎದುರಾದಳು. ತಲೆಯ ಮೇಲೆ ಕಲ್ಲಿನ ಚೂರಿನ ಬುಟ್ಟಿ. ಬುಟ್ಟಿಯ ಕೆಳಗೆ ತಲೆಗೆ ಒತ್ತದಂತೆ ಸುತ್ತಿದ ಬಟ್ಟೆಯ ಸಿಂಬಿ ಹಸಿರು ಬಣ್ಣದ್ದು. ಅದರ ಅಂಚಿನಿಂದ ಬಿಳಿ ಲೇಸು ಕಿವಿಯ ಪಕ್ಕ ಇಳಿಬಿದ್ದಿತ್ತು. ನನ್ನನ್ನು ಕಂಡು ನಾಚಿ, ಒಂದು ಕೈಯಿಂದ ಲೇಸನ್ನು ಒಳಗೆ ಸೇರಿಸಿಕೊಂಡಳು.

ಉಳಿದ ನಾಲ್ಕು ರೂಪಾಯಿ, ನನ್ನ ಹತ್ತಿರವಿದ್ದ ಇನ್ನಷ್ಟು, ಎಲ್ಲ ಹಿಡಿದುಕೊಂಡು ಗುಡಿಸಲಿಗೆ ಓಡಿದೆ. ಪುಸ್ತಕಗಳು ಗೂಡಿನಲ್ಲಿ ಬಟ್ಟೆ ಸುತ್ತಿಟ್ಟಂತೆಯೇ ಇದ್ದವು. ಭೀಮವ್ವ ಕುಂದ್ರಿ ಎಂದು ಗೋಣಿಚೀಲ ಹಾಸಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

“ರತ್ನಿನ ನೋಡ್ಕೊಳ್ಳಾಕ ಮುದುಕಿಗಿ ತಿಂಗಳಿಗಿ ಒಂದು ರೂಪಾಯಿ ಕೊಡ್ತಿದ್ದೆನ್ರಿ. ಉಳದಿದ್ದು ಜ್ವಾಳಕ್ಕ. ಗಂಗಿ ನೀರು ಹೊತ್ತು ಅಷ್ಟು ತರ್ತಿದ್ದಳಲ್ಲ, ಅದರ ಬದಲಿ. ರೊಕ್ಕ ನಿಂತಿತು. ಮುದುಕಿ ಬ್ಯಾರೆ ಮನಿ ಹಿಡದಳು.”

“ನನಗೆ ಹೇಳಬಾರದಿತ್ತೇ ಭೀಮವ್ವ?”

“ಏನಂತ ಹೇಳ್ಲಿರಿ?” ಎಂದು ನನ್ನ ಮುಖ ನೋಡಿದಳು. “ಖರೇ ಹೇಳ್ತೀನಿ ಅಕ್ಕಾರ, ಅವತ್ತು ಬರೇ ಮಜ್ಜಿಗಿ ಬಿತ್ತಲ್ಲ, ನಾ ಆಯಿ ಸತ್ರು ಅನ್ಕೊಂಡೆ. ನಿಮಗ ಹೇಳಾಕ ಬಾಯಿ ಬರ್ಲಿಕಿಲ್ಲ, ಅದಕ್ಕ ಬಟ್ಟಿ ಕೊಟ್ಟು ಸಮಾಧಾನ ಮಾಡ್ಲಿಕತ್ತೀರಿ ಅಂತ. ಅವತ್ತು ಮನ್ಯಾಗ ಒಲಿ ಹಚ್ಚಲಿಲ್ಲ.”

ನಾನು ರೂಪಾಯಿಗಳನ್ನು ಮುಂದಿಟ್ಟೆ. ಗಂಗಿಯನ್ನು ನಾಳೆಯೇ ಶಾಲೆಗೆ ಕಳಿಸು ಎಂದೆ. ಅವಳು ಆಗಲೇ ಖಣಿಯ ಆಳುಗಳ ಮೇಸ್ತ್ರಿ ಮುಕಾದಮನಿಂದ ಮುಂಗಡ ತೆಗೆದುಕೊಂಡಿದ್ದಳು. ದೀಪಾವಳಿಯವರೆಗೆ ಗಂಗಿ ಖಣಿಗೆ ಹೋಗಲೇಬೇಕು. ಅದನ್ನೂ ನಾನೇ ತೀರಿಸುತ್ತೇನೆ ಎಂದೆ.

“ಬ್ಯಾಡ್ರಿ. ತಪ್ಪು ತಿಳ್ಕೊಬ್ಯಾಡ್ರಿ. ನಿಮ್ಮ ರೊಕ್ಕ ಈ ತಿಂಗಳ ಅದ. ಮುಂದಿನ ತಿಂಗಳ ಇರ್ತದೋ, ಲಂಗಾ ಆಗ್ತದೋ, ನನಗೇನು ಮಾಲುಮು? ಖಣಿ ಇರ್ತದರಿ.”

ಅಣ್ಣನ ತಿಥಿ ಮುಗಿಸಿ ಆಯಿ ಮಳೆ ಹಿಡಿಯುವ ಹೊತ್ತಿಗೆ ಬಂದರು. ಎಮ್ಮೆಯ ಮೈದಡವಿದ ಮೇಲೆ ನನ್ನ ಕಡೆ ನೋಡಿದರು. ಒಂದೂ ಬಿಡದೆ ಹೇಳಿದೆ. ನಶ್ಯವನ್ನು ಬೆರಳಲ್ಲಿ ಹಿಡಿದವರು ಸೇದುವುದನ್ನೇ ಮರೆತು ಕೇಳಿದರು.

“ಹೊಲಿಗಿ ಚಂದ ಇತ್ತೇನು?”

“ಇತ್ತು ಆಯಿ.”

“ಅಲ್ಲೇ ತಪ್ಪಿತು ನೋಡು. ಚಂದ ಇದ್ದದ್ದು ಕಣ್ಣಿಗಿ ಕಾಣ್ತದ. ಕೂಸಿನ್ನ ಹಿಡಕೊಂಡು ಕುಂತ ಮುದುಕಿ ಕಾಣೂದಿಲ್ಲ.” ನಶ್ಯವನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು. “ನಿನಗ ಬೈಯಾಕ ಬಾಯಿ ಬರ್ವಲ್ದು, ಕಾನ್ವೆಂಟ್. ನಾನರೆ ಬಿಡಿಸಿ ಹೇಳಬೇಕಿತ್ತು. ಸುಮ್ಮನಿರೂದ ದೊಡ್ಡದು ಅಂತ ತಿಳದಿದ್ದೆ.” ಅಷ್ಟು ಹೇಳಿ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು. ಅದು ಕರಡಿಗೆಯ ಕಡೆ ಹೋಗಲಿಲ್ಲ.

ಮುಂದಿನ ಅಮಾವಾಸ್ಯೆಯ ಮರುದಿನ ತಾವೇ ಭೀಮವ್ವನಿಗೆ ಹೇಳಿ ಕಳಿಸಿ, ಮೊಣಕಾಲೂರಿ, ಮೊದಲಿನಂತೆ ಹಾಕಿದರು. ಗಂಗಿ ಈಗ ಶಾಲೆಗೆ ಹೋಗುವುದಿಲ್ಲವಲ್ಲ ಆಯಿ ಎಂದೆ. “ರೊಕ್ಕ ಸಾಲಿಗಿ ಕೊಡ್ತಿದ್ದೆನೇನು? ಭೀಮವ್ವಗ ಕೊಡ್ತೀನಿ” ಎಂದರು.

ದೀಪಾವಳಿ ಬಂತು, ಮುಂಗಡ ತೀರಿತು. ಗಂಗಿ ಶಾಲೆಗೆ ಹೋದಳು, ಮೂರೇ ದಿನ. ಅವಳ ಜೊತೆಯವರು ಮುಂದೆ ಹೋಗಿದ್ದರು. ಚಿಕ್ಕ ಮಕ್ಕಳ ಸಾಲಿನಲ್ಲಿ ಕೂರಲು ನಾಚಿಕೆ. ಬುಟ್ಟಿಯೇ ವಾಸಿ ಎಂದಳಂತೆ.

ಆದರೆ ರತ್ನಿ ಹೋದಳು. ಹೊತ್ತಿಗೆ ಸರಿಯಾಗಿ ಆರನೆಯ ವರ್ಷಕ್ಕೆ ಹೋದಳು, ಅಕ್ಕನ ಗೂಡಿನಲ್ಲಿದ್ದ ಪುಸ್ತಕಗಳು ಅವಳಿಗೆ ಬಂದವು. ನಡುವೆ ಆಯಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನನ್ನು ಕರೆದು ಅದೇ ಬಟ್ಟೆಯ ಗಂಟನ್ನು ಕೈಗಿಟ್ಟರು. ನಾನು ಕೈ ಹಿಂದೆಗೆದೆ.

“ನನ್ನ ಕೈಗೆ ಬೇಡ ಆಯಿ. ಬೇರೆ ಯಾರಿಗಾದರೂ ಕೊಡಿ.”

“ಬ್ಯಾರೆದವರಿಗಿ ಮತ್ತ ಮೊದಲಿಂದ ಕಲಿಸಾಕ ನನಗ ಟೈಮ್ ಇಲ್ಲ” ಎಂದು ನಕ್ಕರು. ಮುಂದಿನ ಅಮಾವಾಸ್ಯೆಯನ್ನು ಅವರು ನೋಡಲಿಲ್ಲ. ಗಂಟಿನ ರೊಕ್ಕ ಒಂದು ವರ್ಷಕ್ಕೆ ಮುಗಿಯಿತು. ಆಮೇಲಿನದನ್ನು ಮನೆಖರ್ಚಿನಲ್ಲಿ ಉಳಿಸಿ ನಾನು ಹಾಕಿದೆ, ಒಂದು ತಿಂಗಳೂ ತಪ್ಪಿಸದೆ. ಯುದ್ಧ ಬಂದು ಬೆಳ್ಳಿ ರೂಪಾಯಿ ಮಾಯವಾಗಿ ಕಾಗದದ ನೋಟು ಬಂದಾಗ, ನೋಟನ್ನು ಗಡಿಗೆಯ ಕೆಳಗಿನ ಸಿಂಬಿಯ ಮಡಿಕೆಯಲ್ಲಿ ಸೇರಿಸಿ ಕೊಡುವುದನ್ನು ಕಲಿತೆ. ರತ್ನಿ ಓದಿ ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಸ್ತಾನಿಯಾದಳು. ಇದನ್ನು ಕೇಳಿದವರು ನನ್ನನ್ನು ಹೊಗಳಿದರೆ ನನಗೂ ಎದ್ದು ಎಮ್ಮೆಯ ಕಡೆ ಹೋಗಬೇಕೆನಿಸುತ್ತದೆ.

ರತ್ನಿಗೆ ನೌಕರಿಯಾದ ಎರಡನೆಯ ತಿಂಗಳು ಅಕ್ಕನ ಹೆಸರಿಗೆ ಮನಿಯಾರ್ಡರು ಬಂತು. ಟಪಾಲಿನವನು ಖಣಿಯ ಗುಡಿಸಲಿಗೆ ಹೋಗುವುದಿಲ್ಲವೆಂದು ನಮ್ಮ ಮನೆಯ ವಿಳಾಸ ಕೊಟ್ಟಿದ್ದಳು. ಗಂಗಿಯನ್ನು ಕರೆಸಿದೆ. ಇಪ್ಪತ್ತಾರರ ಗಂಗಿ, ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ತಾಯಿಯ ಮಜ್ಜಿಗೆಯ ಗಡಿಗೆಯನ್ನೂ ತಂದಿದ್ದಳು.

“ನೋಡ್ರಿ ಅಕ್ಕಾರ, ನನ್ನ ತಂಗಿ ನನಗ ಪಗಾರ ಕೊಡ್ಲಿಕತ್ತಾಳ! ತಿಂಗಳಾ ತಿಂಗಳಾ ಕಳಸ್ತಾಳಂತ.”

“ಸಹಿ ಮಾಡ್ತೀಯೋ, ಹೆಬ್ಬಟ್ಟೋ?” ಎಂದ ಟಪಾಲಿನವ.

“ಸಾಲಿಗಿ ಹೋದಾಕಿ ಇದ್ದೀನಿ ನಾ. ತಾ ಇಲ್ಲಿ.”

ಲೇಖನಿ ಹಿಡಿದು, ಉರ್ದು ಫಾರಮ್ಮಿನ ಬಲಬದಿಯಿಂದ ಶುರು ಮಾಡಿದಳು. ಕೊಕ್ಕೆಯಂಥ ಒಂದು ಅಕ್ಷರ. ತಲೆಯ ಮೇಲೆ ಎರಡು ಗೆರೆ, ಎಷ್ಟು ಜೋಪಾನವಾಗಿ ಎಳೆದಳು. ಅಲ್ಲಿಗೆ ನಿಂತಳು. ಲೇಖನಿ ಕಾಗದದ ಮೇಲೆ ಗಾಳಿಯಲ್ಲಿ ಆಡಿತು. ನನ್ನ ಕಡೆ ನೋಡಿದಳು.

ನನಗೆ ಇಂಗ್ಲಿಷ್ ಬರುತ್ತಿತ್ತು, ಕನ್ನಡ ಬರುತ್ತಿತ್ತು. ಉರ್ದು ಬರುತ್ತಿರಲಿಲ್ಲ. ಮುಂದಿನ ಅಕ್ಷರ ಹೇಳಿಕೊಡುವುದು ನನ್ನಿಂದಾಗಲಿಲ್ಲ.

“ಏ ಬಾಯಿ, ಟೈಮ್ ಆಗ್ಲಿಕತ್ತದ” ಎಂದ ಟಪಾಲಿನವ.

“ಮುಂದಿಂದು ಮರತುಬಿಟ್ಟೀನ್ರಿ” ಎಂದು ಗಂಗಿ ನಕ್ಕು, ಹೆಬ್ಬೆರಳು ಚಾಚಿದಳು. ಅವನು ಮಸಿ ಹಚ್ಚಿ ಒತ್ತಿಸಿದ. ಹೆಬ್ಬೆಟ್ಟು ಆ ಅಕ್ಷರದ ಮೇಲೆಯೇ ಬಿತ್ತು.

ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಗಡಿಗೆ ಕೆಳಗಿಟ್ಟಳು. “ಮಜ್ಜಿಗಿ ಹಾಕ್ರಿ ಅಕ್ಕಾರ. ಖಾಲಿ ಗಡಿಗಿ ಒಯ್ದು ರೂಢಿ ಇಲ್ಲ.”

ಅಂದು ಬಚ್ಚಿಟ್ಟು ಹಾಕುವುದು ಏನೂ ಇರಲಿಲ್ಲ. ಆದರೂ ಮೊಣಕಾಲೂರಿ ಕೂತು, ಸೆರಗು ಮುಂದೆ ಬರುವಂತೆ ಚೆನ್ನಾಗಿ ಬಗ್ಗಿ ಹಾಕಿದೆ, ನನ್ನ ಮುಖ ಅವಳಿಗೆ ಕಾಣದಿರಲೆಂದು.